ಕಾಕಾನ ಗಿಟಾರಿನೊಳಗಿನ ದನಿ

ಖಲಂದರ ತರಗತಿಯ ಕಿಟಕಿಯ ಹೊರಗೆ ನಿಂತಿದ್ದ. ಅವನ ಚಪ್ಪಲಿಗಳು ಕೈಯಲ್ಲಿದ್ದವು.

ಅವನನ್ನು ಮೊದಲು ನೋಡಿದವಳು ಫಕ್ಕೀರವ್ವ. ಅವಳು ನಕ್ಕು ಕೈ ಬೀಸಿದಳು. ಖಲಂದರ ನಗಲಿಲ್ಲ. ಅವನು ಅವಳ ಲಕ್ಕಪ್ಪ ಕಾಕಾನ ಗೆಳೆಯ. ಶಿಗ್ಗಾಂವದ ಆರ್ಕೆಸ್ಟ್ರಾದಲ್ಲಿ ಖಲಂದರ ಡ್ರಮ್ ಬಾರಿಸುತ್ತಿದ್ದ, ಕಾಕಾ ಬೇಸ್ ಗಿಟಾರ್ ನುಡಿಸುತ್ತಿದ್ದ. ಯಾವಾಗಲೂ ನಗುತ್ತಲೇ ಬರುವ ಖಲಂದರ ಇವತ್ತು ಬರಿಗಾಲಲ್ಲಿ, ಗುಡಿಯ ಮುಂದೆ ನಿಂತವನ ಹಾಗೆ ನಿಂತಿದ್ದ.

ಮಾಸ್ತರರು ಹೊರಗೆ ಹೋದರು. ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕ ಅರ್ಧಕ್ಕೆ ನಿಂತಿತ್ತು. ತಿರುಗಿ ಬಂದವರು ಅದನ್ನು ಮುಂದುವರಿಸಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, "ಫಕ್ಕೀರವ್ವ, ಪಾಟೀಚೀಲ ತಗೊಂಡು ಮನಿಗಿ ಹೋಗವ್ವಾ" ಎಂದರು.

ದಾರಿಯಲ್ಲಿ ಅವಳು ಕೇಳಿದಳು. "ಕಾಕಾ ಹುಬ್ಬಳ್ಳಿಯಿಂದ ಬಂದನೇನು, ಖಲಂದರಣ್ಣ?"

"ಬಂದಾನವ್ವಾ."

"ಜ್ವರ ಆರಾಮ ಆತೇನು?"

ಖಲಂದರ ಅವಳ ಪಾಟೀಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡ. ಓಣಿಯ ತಿರುವಿನಲ್ಲಿ ಫಕ್ಕೀರವ್ವನಿಗೆ ಅಳುವ ಸದ್ದು ಕೇಳಿಸಿತು. ಮನೆಯ ಮುಂದೆ ಒಂದು ಜೀಪು ನಿಂತಿತ್ತು.

ಅದು ಎಂಬತ್ತಮೂರನೆಯ ಇಸವಿಯ ಆಷಾಢ. ಕಾಕಾನಿಗೆ ಇಪ್ಪತ್ತಾರು ವರ್ಷ. ಹಗಲು ಕಾಳಿನ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ಮದುವೆಯ ದಿನಗಳಲ್ಲಿ ಕೆಂಪು ಅಂಗಿ ತೊಟ್ಟು ಗಿಟಾರ್ ಹಿಡಿಯುತ್ತಿದ್ದ. ಅವತ್ತು ಸಂಜೆ ಹೊತ್ತು ಮುಳುಗುವುದಕ್ಕೆ ಮೊದಲೇ ಅವನನ್ನು ಮಣ್ಣು ಮಾಡಿ ಬಂದರು.

ಎಲ್ಲರೂ ಅತ್ತರು. ಫಕ್ಕೀರವ್ವನಿಗೆ ಮಾತ್ರ ಅಳು ಬರಲಿಲ್ಲ. ಅವಳ ಎದೆಯಲ್ಲಿ ಬೇರೆಯೇ ಒಂದು ಮಾತು ಕುಳಿತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತು ದಿನಗಳ ಹಿಂದೆ ಕಾಕಾ ಗಿಟಾರನ್ನು ಕಟ್ಟೆಯ ಮೇಲೆ ಮಲಗಿಸಿ ಒರೆಸುತ್ತಿದ್ದ. ತಂತಿಗಳ ಕೆಳಗೆ ಎರಡು ಕರಿಯ ಪಟ್ಟಿಗಳಿದ್ದವು. ಅವಕ್ಕೆ ಪಿಕಪ್ಪು ಎನ್ನುತ್ತಿದ್ದ. "ತಂತಿ ಅಲುಗಿದ್ದನ್ನ ಇವು ಹಿಡದು ಡಬ್ಬಿಗಿ ಕಳಸತಾವ. ಇವು ಇಲ್ಲಂದ್ರ ಈ ಗಿಟಾರ್ ಬರೇ ಕಟಗಿ" ಎಂದು ಹೇಳಿದ್ದ. ಮುಂದಿನ ಪಿಕಪ್ಪಿನ ಮುಚ್ಚಳ ಬಿಚ್ಚಿಟ್ಟು, ಯಾರೋ ಕರೆದರೆಂದು ಹೊರಗೆ ಹೋಗಿದ್ದ.

ಮುಚ್ಚಳದ ಕೆಳಗೆ ಕೂದಲಿಗಿಂತ ಸಣ್ಣ ತಾಮ್ರದ ಎಳೆ ಸಾವಿರಾರು ಸುತ್ತು ಸುತ್ತಿತ್ತು. ಎಳೆಬಿಸಿಲಿಗೆ ಅದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಫಕ್ಕೀರವ್ವ ಕೈವಾರದ ಮೊನೆಯಿಂದ ಒಂದು ಎಳೆಯನ್ನು ಸ್ವಲ್ಪ ಎತ್ತಿ ನೋಡಿದಳು. ಎಳೆ ಹರಿಯಿತು. ಸದ್ದೇ ಆಗಲಿಲ್ಲ. ಅವಳು ಮುಚ್ಚಳವನ್ನು ಮೊದಲಿದ್ದ ಹಾಗೆ ಇಟ್ಟು ಎದ್ದು ಹೋದಳು.

ಮರುದಿನ ಮುಂದಿನ ಪಿಕಪ್ಪು ಮೂಕಾಗಿತ್ತು. ಕಾಕಾ ಯಾರನ್ನೂ ಬೈಯಲಿಲ್ಲ. ಗಿಟಾರ್ ಹೊತ್ತುಕೊಂಡು ಸವಣೂರಿನ ಗೌಸಸಾಬನ ರೇಡಿಯೋ ಅಂಗಡಿಗೆ ಹೋಗಿ ಕೊಟ್ಟು ಬಂದ. ಬರುವಾಗ ಮಳೆಯಲ್ಲಿ ನೆನೆದಿದ್ದ. ಆ ರಾತ್ರಿಯೇ ಜ್ವರ ಬಂದು ಮಲಗಿದವನು ಮತ್ತೆ ಏಳಲಿಲ್ಲ; ಕೊನೆಗೆ ಹುಬ್ಬಳ್ಳಿಯ ದವಾಖಾನೆಗೆ ಒಯ್ದಿದ್ದರು.

ಎಳೆ ಹರಿಯದಿದ್ದರೆ ಕಾಕಾ ಸವಣೂರಿಗೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ನೆನೆಯುತ್ತಿರಲಿಲ್ಲ. ನೆನೆಯದಿದ್ದರೆ ಜ್ವರ ಬರುತ್ತಿರಲಿಲ್ಲ. ಇಲ್ಲಿಗೆ ಬಂದು ಫಕ್ಕೀರವ್ವನ ಲೆಕ್ಕ ನಿಲ್ಲುತ್ತಿತ್ತು. ಮುಂದಿನದನ್ನು ಅವಳು ಮನಸ್ಸಿನಲ್ಲಿಯೂ ಹೇಳಿಕೊಳ್ಳುತ್ತಿರಲಿಲ್ಲ.

ಮಣ್ಣಾದ ಒಂಬತ್ತನೆಯ ದಿನ ಖಲಂದರ ಗಿಟಾರನ್ನು ತಂದ. ಗೌಸಸಾಬ ಅದನ್ನು ರಿಪೇರಿ ಮಾಡಿ ಬಸ್ಸಿನಲ್ಲಿ ಕಳಿಸಿಕೊಟ್ಟಿದ್ದ.

"ಒಮ್ಮಿ ನುಡಿಸಿ ನೋಡತೇನಿ, ಆಯಿ. ಆಮ್ಯಾಲೆ ಇಟ್ಟುಬಿಡತೇನಿ" ಎಂದು ಖಲಂದರ ಫಕ್ಕೀರವ್ವನ ಅಜ್ಜಿ ಚೌಡವ್ವನನ್ನು ಕೇಳಿದ. ಅವಳು ಒಲೆಯ ಮುಂದಿನಿಂದಲೇ ತಲೆ ಆಡಿಸಿದಳು. ಸತ್ತವನು ಅವಳ ಕಿರಿಯ ಮಗ.

ಖಲಂದರ ಆಂಪ್ಲಿಫಾಯರ್ ಡಬ್ಬಿಗೆ ವಾಯರ್ ಹಚ್ಚಿದ. ಗಿಟಾರಿಗೆ ರೇಡಿಯೋದಂತೆ ಗುಂಡಿಗಳಿದ್ದವು, ಒಂದೊಂದು ಪಿಕಪ್ಪಿಗೆ ಒಂದೊಂದು. ಮುಂದಿನ ಗುಂಡಿ ತಿರುವಿ ದಪ್ಪ ತಂತಿ ಮೀಟಿದ. ನೆಲ ನಡುಗುವಂಥ ದನಿ ಬಂತು. ಅದನ್ನು ಇಳಿಸಿ ಹಿಂದಿನದನ್ನು ತಿರುವಿದ. ಅದೂ ಗಟ್ಟಿಯಾಗಿ ನುಡಿಯಿತು.

"ಗೌಸಸಾಬರು ಗೌಸಸಾಬರೇ. ಈಗ ಲಕ್ಕಪ್ಪ ನುಡಸಿದಂಗ ನೋಡೂಣು" ಎಂದು ಎರಡೂ ಗುಂಡಿಗಳನ್ನು ಪೂರ್ತಿ ತೆರೆದ. ಕಾಕಾ ಯಾವಾಗಲೂ ಎರಡನ್ನೂ ತೆರೆದೇ ನುಡಿಸುತ್ತಿದ್ದ.

ದನಿ ಹೋಯಿತು.

ಪೂರ್ತಿ ಹೋಗಲಿಲ್ಲ. ಅದರ ಹೊಟ್ಟೆಯಲ್ಲಿದ್ದುದೆಲ್ಲ ಬಸಿದುಹೋಗಿ, ಬಾವಿಯ ತಳದಿಂದ ಯಾರೋ ಮೂಗಿನಲ್ಲಿ ಮಾತಾಡಿದ ಹಾಗೆ ತೆಳ್ಳನೆಯ ಸದ್ದೊಂದು ಉಳಿಯಿತು. ಅದರ ಸುತ್ತ ಗುಂಯ್ ಎನ್ನುವ ಇನ್ನೊಂದು ಸದ್ದು ಎದ್ದಿತು. ಖಲಂದರ ಇನ್ನೊಮ್ಮೆ ಮೀಟಿದ. ಅದೇ ದನಿ. ಅವನ ಬೆರಳುಗಳು ತಂತಿಯ ಮೇಲೆಯೇ ನಿಂತವು.

ಚೌಡವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಬಂದ್ ಮಾಡು" ಎಂದಳು.

"ವಾಯರ್ ಏನರೆ ಸಡಲಾಗಿರಬೇಕ್ರಿ, ಆಯಿ."

"ವಾಯರ್ ಅಲ್ಲೋ ತಮ್ಮಾ. ದವಾಖಾನ್ಯಾಗ ಕಡೀ ಎರಡು ದಿನ ಅವನ ಬಗಲಾಗ ಕುಂತಾಕಿ ನಾನು. ಹಿಂಗ ಮಾತಾಡತಿದ್ದ. ಇಷ್ಟ ಸಣ್ಣ ದನಿ. ಇಷ್ಟ ದೂರ." ಅವಳು ಗಿಟಾರಿನ ಮೇಲೆ ಕೈಯಿಟ್ಟಳು. "ನನ್ನ ಮಗ ಇದರಾಗ ಸಿಕ್ಕೊಂಡಾನ."

ಖಲಂದರ ಡಬ್ಬಿಯಿಂದ ವಾಯರ್ ಕಿತ್ತ.

ಗಿಟಾರನ್ನು ಬಿಳಿ ಧೋತರದಲ್ಲಿ ಸುತ್ತಿ ಮೂಲೆಗೆ ನಿಲ್ಲಿಸಿದರು. ನಾಗರ ಅಮಾಸಿಗೆ ಅದನ್ನು ಕಾಕಾನ ಮಗ್ಗುಲಲ್ಲೇ ಮಣ್ಣು ಮಾಡಬೇಕೆಂದು ಚೌಡವ್ವ ಹೇಳಿದಳು. ಅವರ ಮಂದಿಯಲ್ಲಿ ಸತ್ತವರಿಗೆ ಪ್ರೀತಿಯಾದ ವಸ್ತುವನ್ನು ಅವರ ಜೊತೆ ಇಡುತ್ತಾರೆ. ಕಾಕಾನನ್ನು ಮಣ್ಣು ಮಾಡಿದ ದಿನ ಗಿಟಾರ್ ಸವಣೂರಿನಲ್ಲಿತ್ತು, ಆದ್ದರಿಂದ ಉಳಿದುಹೋಗಿತ್ತು. ತನ್ನದು ತನಗೆ ಮುಟ್ಟಿದರೆ ಮಗನಿಗೆ ಬಿಡುಗಡೆಯಾದೀತು ಎಂದು ಅವಳು ನಂಬಿದಳು.

ಮರುದಿನ ಮಧ್ಯಾಹ್ನ ಫಕ್ಕೀರವ್ವ ಮನೆಯಲ್ಲಿ ಒಬ್ಬಳೇ ಇದ್ದಳು. ಮೂಲೆಯಿಂದ ಗುನುಗುವ ಸದ್ದು ಬಂತು. ಅವಳು ಹತ್ತಿರ ಹೋಗಿ ಧೋತರ ಸರಿಸಿದಳು. ದಪ್ಪ ತಂತಿ ತಾನೇ ನಡುಗುತ್ತಿತ್ತು. ಅವಳು ಬೆರಳಿಟ್ಟಳು, ಸದ್ದು ನಿಂತಿತು. ತೆಗೆದಳು, ಮತ್ತೆ ಶುರುವಾಯಿತು.

"ಕಾಕಾ, ಎಳಿ ನಾನ ಹರದೇನಿ" ಎಂದು ಅವಳು ಮೆಲ್ಲಗೆ ಹೇಳಿದಳು. "ಸಿಟ್ಟಾಗೀಯೇನು?"

ತಂತಿ ಗುನುಗುತ್ತಲೇ ಇತ್ತು. ಆಮೇಲೆ ಕರೆಂಟು ಹೋಯಿತು. ಎದುರಿನ ಹಿಟ್ಟಿನ ಗಿರಣಿ ನಿಂತಿತು. ಅದರ ಜೊತೆಗೇ ತಂತಿಯೂ ಸುಮ್ಮನಾಯಿತು.

ಗಿರಣಿಯ ಪಟ್ಟಾ ತಿರುಗಿದಾಗ ಗೋಡೆ ನಡುಗುತ್ತದೆ, ಗೋಡೆ ನಡುಗಿದಾಗ ತಂತಿ ನಡುಗುತ್ತದೆ. ಅದು ಅವಳಿಗೂ ತಿಳಿಯಿತು. ಆದರೆ ಎರಡೂ ಗುಂಡಿ ತೆರೆದಾಗ ಬಂದ ದನಿ ಗಿರಣಿಯದಲ್ಲ. ಗಿಟಾರನ್ನು ಮಣ್ಣಿನಲ್ಲಿ ಇಟ್ಟುಬಿಟ್ಟರೆ ಕಾಕಾ ತನ್ನ ಮೇಲೆ ಸಿಟ್ಟಾಗಿದ್ದನೋ ಇಲ್ಲವೋ ಎಂದು ಇನ್ನು ಯಾವತ್ತೂ ತಿಳಿಯುವುದಿಲ್ಲ.

ಅಮಾಸಿಯ ಹಿಂದಿನ ದಿನ ಬೆಳಿಗ್ಗೆ ಅಪ್ಪ ಸಲಿಕೆ ತೆಗೆದುಕೊಂಡು ಹೋಗಿ ಕಾಕಾನ ಪಕ್ಕದಲ್ಲಿ ಒಂದು ಸಣ್ಣ ಕುಣಿ ತೋಡಿ ಬಂದ. ಖಲಂದರ ಬಾಗಿಲಲ್ಲಿ ಕುಳಿತು ಚೌಡವ್ವನಿಗೆ ಹೇಳಿದ.

"ಗೌಸಸಾಬರಿಗೆ ಒಮ್ಮಿ ತೋರಸ್ರಿ, ಆಯಿ. ಲಕ್ಕಪ್ಪ ಯಾರ ಮಾತೂ ಕೇಳತಿದ್ದಿಲ್ಲ, ಅವರ ಮಾತು ಕೇಳತಿದ್ದ. ಅವರೂ ಕೈ ಬಿಟ್ರ ನಾನ ಹೊತ್ಕೊಂಡು ಬಂದು ಕುಣಿಯಾಗ ಇಡತೇನಿ."

ಚೌಡವ್ವ ಮೂಲೆಗೆ ಹೋಗಿ ಧೋತರದ ಗಂಟನ್ನು ಎತ್ತಿಕೊಂಡಳು. "ನಾನ ಒಯ್ಯತೇನಿ" ಎಂದಳು. "ನನ್ನ ಮಗನ್ನ ಮಂದಿ ಕೈಯಾಗ ಕೊಡಂಗಿಲ್ಲ."

"ನಾನೂ ಬರ್ತೇನಿ, ಆಯಿ" ಎಂದಳು ಫಕ್ಕೀರವ್ವ.

ಸವಣೂರಿನ ಬಸ್ಸಿನಲ್ಲಿ ಸಂತೆಗೆ ಹೋಗುವವರು ತುಂಬಿದ್ದರು. ಚೌಡವ್ವ ಬಿಳಿ ಧೋತರದ ಗಂಟನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕುಳಿತಳು. ಪಕ್ಕದಲ್ಲಿದ್ದ ಹೆಂಗಸು ಅದನ್ನು ನೋಡಿ, ಸೆರಗು ಎಳೆದುಕೊಂಡು ಎದ್ದು ಹಿಂದೆ ಹೋದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು.

ಕಂಡಕ್ಟರ್ ಟಿಕೀಟು ಹರಿಯುತ್ತಾ ಬಂದ. ಗಂಟನ್ನು ನೋಡಿ ಅವನ ದನಿ ಇಳಿಯಿತು.

"ಕೂಸೇನ್ರಿ, ಯವ್ವಾ?"

"ನನ್ನ ಮಗ" ಎಂದಳು ಚೌಡವ್ವ.

ಕಂಡಕ್ಟರ್ ತಲೆಯ ಮೇಲಿನ ಟೋಪಿ ತೆಗೆದ. ಮತ್ತೇನನ್ನೂ ಕೇಳಲಿಲ್ಲ. ರಸ್ತೆ ಕೆಟ್ಟಿದ್ದಲ್ಲಿ ಬಸ್ಸು ಕುಲುಕಿದಾಗ ಧೋತರದೊಳಗಿನಿಂದ ಸಣ್ಣಗೆ ನರಳಿದಂಥ ಸದ್ದು ಬಂತು. ಬಸ್ಸಿನಲ್ಲಿ ಮಾತು ನಿಂತಿತು. ಸವಣೂರಿನವರೆಗೆ ಅವರ ಸೀಟಿನ ಹತ್ತಿರ ಯಾರೂ ಬರಲಿಲ್ಲ.

ಗೌಸಸಾಬನ ಅಂಗಡಿ ಹಳೆಯ ಮಸೀದಿಯ ಹಿಂದಿನ ಓಣಿಯಲ್ಲಿತ್ತು. ಮುಂದೆ ಅಂಗಡಿ, ಹಿಂದೆ ಮನೆ. ಹೊಟ್ಟೆ ಬಗೆದ ರೇಡಿಯೋಗಳು ಗೋಡೆಯ ತುಂಬ ಸಾಲಾಗಿ ಕುಳಿತಿದ್ದವು. ಗೌಸಸಾಬನಿಗೆ ಬಿಳಿ ಗಡ್ಡ, ದಪ್ಪ ಕನ್ನಡಕ. ಚೌಡವ್ವನನ್ನು ನೋಡಿ ಎದ್ದು ನಿಂತ.

"ಬರ್ರಿ ಯವ್ವಾ, ಕುಂದರ್ರಿ. ಮಣ್ಣಿಗಿ ಬರಾಕ ಆಗಲಿಲ್ರಿ. ಮರುದಿನ ಸುದ್ದಿ ಗೊತ್ತಾತು."

ಚೌಡವ್ವ ಗಂಟು ಬಿಚ್ಚಿದಳು. "ಇದನ್ನ ನುಡಿಸಿ ಕೇಳ್ರಿ. ಎರಡೂ ತೆರೀರಿ."

ಗೌಸಸಾಬ ಅಂಗಡಿಯ ಡಬ್ಬಿಗೆ ವಾಯರ್ ಹಚ್ಚಿ, ಎರಡೂ ಗುಂಡಿ ತೆರೆದು ತಂತಿ ಮೀಟಿದ. ಬಾವಿಯ ತಳದ ದನಿ ಇಲ್ಲಿಯೂ ಬಂತು. ಗುಂಯ್ ಎನ್ನುವ ಸದ್ದು ಅದರ ಸುತ್ತ ಎದ್ದಿತು. ಗೋಡೆಯ ಮೇಲಿನ ರೇಡಿಯೋಗಳೆಲ್ಲ ಕಿವಿಗೊಟ್ಟು ಕೇಳುತ್ತಿವೆ ಎಂದು ಫಕ್ಕೀರವ್ವನಿಗೆ ಅನ್ನಿಸಿತು.

"ಯಾ ಅಲ್ಲಾ" ಎಂದು ಗೌಸಸಾಬ ಮೆಲ್ಲಗೆ ಅಂದ. ಅವನ ಮುಂಗೈಯ ಕೂದಲು ನಿಮಿರಿದ್ದವು. ಆದರೆ ಅವನು ಗಿಟಾರನ್ನು ಕೆಳಗಿಡಲಿಲ್ಲ. ಒಂದು ಗುಂಡಿ ಇಳಿಸಿದ, ಮತ್ತೆ ಏರಿಸಿದ. ಇನ್ನೊಂದನ್ನು ಇಳಿಸಿದ, ಏರಿಸಿದ. ಕಣ್ಣು ಮುಚ್ಚಿ ಕೇಳಿದ.

"ಒಂದೊಂದ ಇದ್ದಾಗ ಗಟ್ಟಿ. ಕೂಡಿದ ಕೂಡಲೇ ಬಡವ" ಎಂದು ತನಗೆ ತಾನೇ ಹೇಳಿಕೊಂಡ. "ಯವ್ವಾ, ನನ್ನ ತಪ್ಪು ಐತ್ರಿ ಇದರಾಗ. ಹೊಸದಾಗಿ ಸುತ್ತಿದ ಪಿಕಪ್ಪು ಮಾತಾಡತೈತೋ ಇಲ್ಲೋ ಅಷ್ಟ ನೋಡಿದ್ದೆ. ಎರಡನ್ನೂ ಕೂಡಿಸಿ ನೋಡಿದ್ದಿಲ್ಲ. ಆ ಹೊತ್ತಿನಾಗ ಲಕ್ಕಪ್ಪನ ಸುದ್ದಿ ಬಂತು. ಕೈ ಓಡಲಿಲ್ಲ, ಹಂಗ ಮುಚ್ಚಿ ಕಳಿಸಿಬಿಟ್ಟೆ."

ಅವನು ಸ್ಕ್ರೂಗಳನ್ನು ಬಿಚ್ಚಿ, ಎರಡೂ ಪಿಕಪ್ಪುಗಳ ವಾಯರುಗಳನ್ನು ಬೆಸುಗೆಯಿಂದ ಬಿಡಿಸಿದ. ಆಮೇಲೆ ಒಂದು ಮೀಟರ್ ತೆಗೆದ. ಅದಕ್ಕೆ ಗಾಜಿನ ಮುಖ, ಒಳಗೆ ಸಣ್ಣ ಮುಳ್ಳು. ಹಿಂದಿನ ಪಿಕಪ್ಪಿನ ಎರಡು ವಾಯರುಗಳಿಗೆ ಮೀಟರಿನ ಕೆಂಪು ಮತ್ತು ಕರಿ ಕಡ್ಡಿಗಳನ್ನು ಹಿಡಿದ. ಮುಳ್ಳು ಎದ್ದು ನಡುವೆ ಬಂದು ನಿಂತಿತು.

"ತಂಗಿ, ನನ್ನ ಎರಡೂ ಕೈ ಸಿಕ್ಕಾವ. ಆ ಸ್ಕ್ರೂಡ್ರೈವರ್ ತಗೊಂಡು ಪಿಕಪ್ಪಿನ ಈ ಕಬ್ಬಿಣದ ಮೊಳಿ ತಲಿ ಮ್ಯಾಲೆ ಟಕ್ ಅಂತ ಇಡು. ಮುಳ್ಳು ಯಾ ಕಡೆ ಹಾರತೈತಿ ನೋಡಿ ಹೇಳು."

ಫಕ್ಕೀರವ್ವನಿಗೆ ಪಿಕಪ್ಪನ್ನು ಮುಟ್ಟಲು ಭಯವಾಯಿತು. ಹಿಂದಿನ ಸಲ ಮುಟ್ಟಿದ್ದು ನೆನಪಾಯಿತು. ಮೆಲ್ಲಗೆ ಇಟ್ಟಳು. ಟಕ್. ಮುಳ್ಳು ಬಲಕ್ಕೆ ಹಾರಿ ಮತ್ತೆ ನಡುವೆ ಬಂತು.

"ಬಲಕ್ಕ" ಎಂದಳು.

ಗೌಸಸಾಬ ಕಡ್ಡಿಗಳನ್ನು ಮುಂದಿನ ಪಿಕಪ್ಪಿಗೆ, ಅದೇ ಕ್ರಮದಲ್ಲಿ, ಹಿಡಿದ. ಅವಳು ಸ್ಕ್ರೂಡ್ರೈವರ್ ಇಟ್ಟಳು. ಮುಳ್ಳು ಎಡಕ್ಕೆ ಹಾರಿತು.

"ಎಡಕ್ಕ."

"ಇನ್ನೊಮ್ಮಿ."

"ಎಡಕ್ಕ, ಅಜ್ಜಾ. ಎಡಕ್ಕ ಹಾರತೈತಿ."

ಗೌಸಸಾಬ ಕನ್ನಡಕವನ್ನು ಹಣೆಗೆ ಏರಿಸಿದ. ಒಳಗಿನ ಪರದೆಯ ಕಡೆ ತಿರುಗಿ, "ಜನ್ನತಬಿ, ಹೊರಗ ಬಾ. ಮಶೀನೂ ತಗೊಂಡು ಬಾ" ಎಂದು ಕರೆದ.

ಜನ್ನತಬಿ ಅವನ ಹೆಂಡತಿ. ಓಣಿಯ ಹೆಂಗಸರ ಬಟ್ಟೆ ಹೊಲಿಯುವವಳು. ಕೈಯಿಂದ ತಿರುವುವ ಹೊಲಿಗೆ ಮಶೀನನ್ನು ಎರಡೂ ಕೈಯಲ್ಲಿ ಹೊತ್ತು ತಂದು ಇಟ್ಟಳು. ಗೌಸಸಾಬ ಕಾಯಿಲಿನ, ಅಂದರೆ ತಾಮ್ರದ ಸುತ್ತಿನ, ಕೆಲಸ ಬಂದಾಗ ಅವಳಿಗೇ ಕೊಡುತ್ತಿದ್ದ. ಅವಳು ಮಶೀನಿನ ಗಾಲಿಗೆ ಅಚ್ಚು ಕಟ್ಟಿ, ತಾಮ್ರದ ಎಳೆ ಹರಿಯದ ಹಾಗೆ ಸುತ್ತುತ್ತಿದ್ದಳು.

"ಲಕ್ಕಪ್ಪಂದು ಹೆಂಗ ಸುತ್ತಿದಿ, ತೋರಸು."

"ಹೆಂಗಂದ್ರ? ಎಂಟು ಸಾವಿರ ಸುತ್ತು. ನೂರಕ್ಕೊಂದು ಹುಣಸಿಬೀಜ ಇಟ್ಟು ಎಣಿಸೇನಿ. ಒಂದ ಕಡಿಮಿ ಇದ್ರ ಕೇಳ್ರಿ."

"ಎಣಿಕಿ ಅಲ್ಲ. ಯಾ ಕಡೆ ತಿರುವಿದಿ?"

ಜನ್ನತಬಿ ಗಾಲಿಯನ್ನು ತನ್ನ ಕಡೆಗೆ ತಿರುವಿದಳು. "ಹಿಂಗ. ಹಿಂದಕ್ಕ ತಿರುವಿದ್ರ ದಾರ ಹರೀತೈತಿ. ಮೂವತ್ತು ವರ್ಷದಿಂದ ಹಿಂಗ ತಿರುವೇನಿ."

"ಇದು ಲಂಗಾ ಅಲ್ಲ, ಪಿಕಪ್ಪು."

"ಹಂಗಂತ ಕೊಡೂವಾಗ ಹೇಳಬೇಕಿತ್ತು. ಎಂಟು ಸಾವಿರ ಅಂದ್ರಿ, ಊಟ ಮಾಡಿ ಮಲಗಿದ್ರಿ. ಯಾ ಕಡೆ ಅಂತ ಒಂದ ಮಾತು ಅಂದಿದ್ರೇನು?"

ಗೌಸಸಾಬ ಗಡ್ಡ ಕೆರೆದುಕೊಂಡ. ಅಂದಿರಲಿಲ್ಲ.

ಅವನು ಚೌಡವ್ವನ ಕಡೆ ತಿರುಗಿ ಕುಳಿತ. "ಹಳೀ ಕಾಯಿಲ್ ಹಿಂದಕ್ಕ ಸುತ್ತಿದ್ದು, ಇಕಿ ಮುಂದಕ್ಕ ಸುತ್ಯಾಳ. ತಂತಿ ಅಲುಗಿದಾಗ ಒಂದು ಪಿಕಪ್ಪು ಮುಂದಕ್ಕ ತಳ್ಳತೈತಿ, ಇನ್ನೊಂದು ಹಿಂದಕ್ಕ ಜಗ್ಗತೈತಿ."

ಚೌಡವ್ವ ಯೋಚಿಸಿದಳು. "ಬೀಸೂ ಕಲ್ಲಿಗಿ ಇಬ್ಬರು ಕುಂತು, ಒಬ್ಬಾಕಿ ಈ ಕಡೆ ಒಬ್ಬಾಕಿ ಆ ಕಡೆ ತಿರುವಿದಂಗ."

"ಅದ ನೋಡ್ರಿ, ಯವ್ವಾ. ಇಬ್ಬರೂ ಗಟ್ಟಿಗ್ಯಾರ. ಹಿಟ್ಟು ಮಾತ್ರ ಬೀಳೂದಿಲ್ಲ. ಮೊದಲು ಎರಡೂ ತೆರೆದಾಗ ಹಾಡು ಏಳತಿತ್ತು, ಗುಂಯ್ ಅನ್ನೂದು ಅಡಗತಿತ್ತು. ಅದಕ್ಕ ಲಕ್ಕಪ್ಪ ಎರಡೂ ತೆರೀತಿದ್ದ. ಈಗ ಹಾಡು ಅಡಗೈತಿ, ಗುಂಯ್ ಎದ್ದೈತಿ. ಮತ್ತ ಸುತ್ತೂದು ಬ್ಯಾಡ್ರಿ. ಈ ಎರಡು ವಾಯರಿನ ತುದಿ ಅದಲಿಬದಲಿ ಮಾಡಿದ್ರ ಆತು."

ಅವನು ಬೆಸುಗೆ ಹಾಕುವ ಕಡ್ಡಿಯನ್ನು ಕರೆಂಟಿಗೆ ಹಚ್ಚಿದ. ಅದು ಕಾಯುವವರೆಗೆ ಚೌಡವ್ವ ಬಿಚ್ಚಿಟ್ಟ ಗಿಟಾರನ್ನೇ ನೋಡುತ್ತಿದ್ದಳು.

"ಹಂಗಾದ್ರ ಆ ದನಿ ನನ್ನ ಮಗಂದಲ್ಲ."

"ಅಲ್ರಿ, ಯವ್ವಾ."

"ಸರಿ ಮಾಡಿದ ಮ್ಯಾಲೆ ಮತ್ತ ಬರಂಗಿಲ್ಲ ಅದು?"

"ಬರಂಗಿಲ್ರಿ."

ಗೌಸಸಾಬ ಕಡ್ಡಿಯನ್ನು ಕೈಯಲ್ಲಿ ಹಿಡಿದು ಕಾದ. ಚೌಡವ್ವನ ತುಟಿ ಎರಡು ಸಲ ಅಲುಗಿತು. ಮಗನ ಕೊನೆಯ ದನಿಯ ಹಾಗೆ ಇರುವ ವಸ್ತು ಈ ಭೂಮಿಯ ಮೇಲೆ ಅದೊಂದೇ ಇತ್ತು.

"ಹೋಗಲಿ" ಎಂದಳು. "ಆ ದನಿಗಿ ಭಾಳ ತ್ರಾಸ ಇತ್ತು."

ಆಗ ಫಕ್ಕೀರವ್ವನಿಗೆ ಅಳು ಬಂತು. ಹದಿನಾಲ್ಕು ದಿನ ಬಾರದಿದ್ದ ಅಳು. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದೇ ಅತ್ತಳು.

"ಎಳಿ ನಾನ ಹರದೇನಿ, ಆಯಿ. ಕೈವಾರದಿಂದ. ನಾ ಹರದಿದ್ದಿಲ್ಲಂದ್ರ ಕಾಕಾ ಇಲ್ಲಿಗಿ ಬರತಿದ್ದಿಲ್ಲ. ಮಳಿಯಾಗ ತೋಯತಿದ್ದಿಲ್ಲ. ಜ್ವರ ಬರತಿದ್ದಿಲ್ಲ."

ಚೌಡವ್ವ ಅವಳನ್ನು ದಿಟ್ಟಿಸಿ ನೋಡಿದಳು.

ಗೌಸಸಾಬ ಕನ್ನಡಕ ತೆಗೆದ. "ಆ ಇಲಿ ನೀನೇನು?" ಎಂದ.

"ಯಾ ಇಲಿ?"

"ಇದನ್ನ ಕೊಡೂವಾಗ ನಾ ಕೇಳಿದ್ದೆ, ಏನೋ ಲಕ್ಕಪ್ಪ, ಎಳಿ ಹೆಂಗ ಹರೀತು ಅಂತ. ಅಂವ ನಕ್ಕ. ನಮ್ಮ ಮನ್ಯಾಗ ಒಂದು ಇಲಿ ಐತ್ರಿ, ಎರಡು ಜಡಿ ಹಾಕ್ಕೊಂಡು ಸಾಲಿಗಿ ಹೋಗತೈತಿ ಅಂದ. ಬೈದಿಯೇನು ಅಂದೆ. ಬೈಯೂದ್ಯಾಕ್ರಿ, ಒಳಗ ಏನೈತಿ ಅಂತ ನೋಡೂ ಬುದ್ಧಿ ಬಂದೈತಿ, ಮುಂದಿನ ಸಲ ನಿಮ್ಮ ಹತ್ತಿರ ಕರಕೊಂಡು ಬರ್ತೇನಿ, ಹರೀದಂಗ ನೋಡೂದು ಕಲಸ್ರಿ ಅಂದ."

ಫಕ್ಕೀರವ್ವನ ಕೈ ತನಗೆ ತಿಳಿಯದೆಯೇ ತನ್ನ ಜಡೆಯ ಹತ್ತಿರ ಹೋಯಿತು.

ಜನ್ನತಬಿ ಅವಳ ಪಕ್ಕದಲ್ಲಿ ಬಂದು ಕುಳಿತಳು. "ಮಳಿಗಿ ಬಂದ ಜ್ವರ ಅಲ್ಲವ್ವಾ ಅದು. ಅವತ್ತು ಇಲ್ಲಿ ಬಂದಾಗಲೇ ಅವನ ಕಣ್ಣು ಅರಿಷಿಣದಂಗ ಇದ್ದುವು. ನಾ ಚಾ ಕೊಟ್ರ ವಾಸನಿಗಿ ಹೊಟ್ಟಿ ತೊಳಸತೈತಿ ಅಂದ. ಎಂಟು ದಿನದಿಂದ ಊಟ ಸೇರವಲ್ದು ಅಂದ. ಕಾಮಣಿ ಆಗೈತೋ, ಇವತ್ತ ಡಾಕ್ಟರಗ ತೋರಸು ಅಂತ ಹೇಳಿ ಕಳಿಸಿದ್ದೆ."

"ಕಾಮಣಿಯೇನು?" ಫಕ್ಕೀರವ್ವ ಅಜ್ಜಿಯ ಕಡೆ ತಿರುಗಿದಳು.

"ಕಾಮಣಿಯೇ. ಹುಬ್ಬಳ್ಳಿ ಡಾಕ್ಟರೂ ಅದನ್ನ ಅಂದ್ರು. ಭಾಳ ದಿನದ್ದು ಅಂದ್ರು" ಎಂದಳು ಚೌಡವ್ವ. "ನಿನಗ ಯಾರೂ ಹೇಳಲಿಲ್ಲ. ಹುಡುಗಿ ಅಂಜತೈತಿ ಅಂತ." ಅವಳು ಮೊಮ್ಮಗಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. "ಇಷ್ಟ ದಿನ ಒಬ್ಬಾಕಿನ ಹೊತ್ಕೊಂಡು ಕುಂತಿದ್ದಿಯೇನು ಇದನ್ನ?"

ಬೆಸುಗೆಯ ಹೊಗೆ ಎದ್ದಿತು. ಗೌಸಸಾಬ ಮುಂದಿನ ಪಿಕಪ್ಪಿನ ಎರಡು ತುದಿಗಳನ್ನು ಅದಲುಬದಲು ಮಾಡಿ ಹಚ್ಚಿದ. ಮೀಟರ್ ಹಿಡಿದು ಕರೆದ. "ಬಾ ಇಲ್ಲಿ, ಇಲಿ. ಟಕ್ ಅನಸು."

ಫಕ್ಕೀರವ್ವ ಕಣ್ಣೊರೆಸಿಕೊಂಡು ಸ್ಕ್ರೂಡ್ರೈವರ್ ಇಟ್ಟಳು. ಮುಳ್ಳು ಬಲಕ್ಕೆ ಹಾರಿತು. ಹಿಂದಿನದಕ್ಕೂ ಇಟ್ಟಳು. ಬಲಕ್ಕೆ.

ಎಲ್ಲವನ್ನೂ ಮುಚ್ಚಿ, ಸ್ಕ್ರೂ ಬಿಗಿದು, ಗೌಸಸಾಬ ಒಂದು ಗುಂಡಿ ತೆರೆದ. ಡಬ್ಬಿ ಗುಂಯ್ ಎಂದಿತು. ಇನ್ನೊಂದನ್ನೂ ತೆರೆದ. ಗುಂಯ್ ಎನ್ನುವುದು ತಟ್ಟನೆ ನಿಂತುಹೋಯಿತು. ಅಂಗಡಿಯಲ್ಲಿ ಎಷ್ಟು ಮೌನವಾಯಿತೆಂದರೆ ಓಣಿಯಲ್ಲಿ ಎಲೆಬುಟ್ಟಿ ಹೊತ್ತವನ ಹೆಜ್ಜೆ ಕೇಳಿಸಿತು. ಆಗ ಅವನು ದಪ್ಪ ತಂತಿ ಮೀಟಿದ.

ದನಿ ನೆಲದಿಂದ ಎದ್ದು ಬಂತು. ತುಂಬಿದ, ಯಾವ ನೋವೂ ಇಲ್ಲದ ದನಿ. ಬೆಂಚಿನ ಮೇಲೆ ಕುಳಿತ ಚೌಡವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, ಅದು ಪೂರ್ತಿ ಅಡಗುವವರೆಗೂ ಕೇಳಿದಳು.

"ಖಲಂದರಗ ಕೊಡತೇನಿ" ಎಂದಳು. "ನುಡಸವರು ಯಾರರೆ ಸಿಗತಾರ ಅವಗ."

ಮರುದಿನ ಅಮಾಸಿ. ಬೆಳಿಗ್ಗೆ ಎಲ್ಲರೂ ಕಾಕಾನನ್ನು ಮಣ್ಣು ಮಾಡಿದಲ್ಲಿಗೆ ಹೋದರು. ಅಪ್ಪ ತೋಡಿದ ಕುಣಿ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ಅದು ಒಂದು ಕೂಸಿನ ಅಳತೆಯಷ್ಟಿತ್ತು. ಫಕ್ಕೀರವ್ವನಿಗೆ ಅದರೊಳಗೆ ನೋಡಲು ಒಂದು ಕ್ಷಣ ಧೈರ್ಯವಾಗಲಿಲ್ಲ. ಆಮೇಲೆ ನೋಡಿದಳು. ಒಳಗೆ ಹಸಿ ಮಣ್ಣಿತ್ತು, ಒಂದು ಎರೆಹುಳ ಇತ್ತು. ಬೇರೆ ಏನೂ ಇರಲಿಲ್ಲ.

ತೋಡಿದ ಕುಣಿಯನ್ನು ಬರಿದಾಗಿ ಮುಚ್ಚುವ ಪದ್ಧತಿ ಇಲ್ಲ. ಚೌಡವ್ವ ಒಂದು ತೆಂಗಿನಕಾಯಿ, ಒಂದು ಹಿಡಿ ಜೋಳ ಇಟ್ಟಳು. ಅಪ್ಪ ಸಲಿಕೆ ಎತ್ತಿದ. ಫಕ್ಕೀರವ್ವ ಕೈಯಿಂದಲೇ ಮಣ್ಣು ಎಳೆದಳು. ಕುಣಿ ತುಂಬಿ ನೆಲಕ್ಕೆ ಸಮವಾಯಿತು.

ಊದಿನಕಡ್ಡಿ ಹಚ್ಚಿ ಚೌಡವ್ವ ಕೈ ಮುಗಿದಳು. ಫಕ್ಕೀರವ್ವನೂ ಮಣ್ಣು ಮೆತ್ತಿದ ಕೈಗಳನ್ನು ಜೋಡಿಸಿ ಕಣ್ಣು ಮುಚ್ಚಿದಳು. ಇಲ್ಲಿಗೆ ಬಂದು ತಪ್ಪಾಯಿತು ಎಂದು ಹೇಳಬೇಕೆಂದು ಅವಳು ಎಷ್ಟೋ ದಿನದಿಂದ ಅಂದುಕೊಂಡಿದ್ದಳು. ಈಗ ಆ ಮಾತು ಬಾಯಿಗೆ ಬರಲಿಲ್ಲ. ಬೇಕೆಂದೂ ಅನಿಸಲಿಲ್ಲ. ಅಜ್ಜಿ ಹೇಳುತ್ತಿದ್ದುದನ್ನು ಕೇಳಿ, ಅವಳ ಹಿಂದೆಯೇ ಒಂದೊಂದು ಮಾತನ್ನೂ ತುಟಿಯಲ್ಲಿ ಹೇಳಿದಳು.

"ಶಿವನೇ, ನಮ್ಮ ಲಕ್ಕಪ್ಪನ್ನ ನಿನ್ನ ನೆರಳಾಗ ಇಟ್ಟುಕೋ. ಅವನ ತ್ರಾಸ ತೀರಲಿ. ಅವನ ಜೀವ ತಣ್ಣಗಿರಲಿ, ಶಾಂತವಾಗಿರಲಿ."